ಲೆಸ್ಟರ್‌ನ ಪಟೇಲರು, ಬ್ಲ್ಯಾಕ್‌ಬರ್ನ್‌ನ ಪಟೇಲರು

1972ರ ಸೆಪ್ಟೆಂಬರ್ ತಿಂಗಳು. ಉಗಾಂಡಾದ ‘ಉಗಾಂಡಾ ಆರ್ಗಸ್’ ಪತ್ರಿಕೆಯಲ್ಲಿ ಒಂದು ಜಾಹೀರಾತು ಬಂತು. ಕೊಟ್ಟದ್ದು ದೂರದ ಇಂಗ್ಲೆಂಡಿನ ಲೆಸ್ಟರ್ ನಗರಾಡಳಿತ. ನಮ್ಮಲ್ಲಿ ಮನೆಗಾಗಿ ಸಾವಿರಾರು ಕುಟುಂಬಗಳು ಕಾದಿವೆ, ಶಾಲೆಯಲ್ಲಿ ಜಾಗ ಸಿಗದೆ ನೂರಾರು ಮಕ್ಕಳಿದ್ದಾರೆ, ನಿಮ್ಮ ಮತ್ತು ನಿಮ್ಮ ಕುಟುಂಬದ ಹಿತದೃಷ್ಟಿಯಿಂದ ಲೆಸ್ಟರ್‌ಗೆ ಬರಬೇಡಿ ಎಂಬುದು ಅದರ ಸಾರ. ಅದಕ್ಕೆ ಒಂದು ತಿಂಗಳು ಹಿಂದೆ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ ದೇಶದಲ್ಲಿದ್ದ ಏಷ್ಯನ್ನರಿಗೆ ಜಾಗ ಖಾಲಿ ಮಾಡಲು 90 ದಿನಗಳ ಗಡುವು ಕೊಟ್ಟಿದ್ದ. ಕಟ್ಟಿದ ಅಂಗಡಿ, ಮನೆ, ಬ್ಯಾಂಕಿನ ಹಣ ಎಲ್ಲವನ್ನೂ ಬಿಟ್ಟು, ಐವತ್ತು ಪೌಂಡ್ ಆಸುಪಾಸಿನ ಹಣವನ್ನಷ್ಟೇ ಜೇಬಿನಲ್ಲಿಟ್ಟುಕೊಂಡು ವಿಮಾನ ಹತ್ತಬೇಕಾಗಿದ್ದವರು ಆ ಜಾಹೀರಾತನ್ನು ಓದಿದರು. ಓದಿಯೂ ಲೆಸ್ಟರ್‌ಗೆ ಬಂದರು. ಅಲ್ಲಿ ಅವರ ನೆಂಟರಿದ್ದರು, ಕೆಲಸವಿತ್ತು. ಬೇಡ ಎಂದ ಜಾಹೀರಾತೇ ಎಷ್ಟೋ ಜನರಿಗೆ ಆ ಊರಿನ ಹೆಸರನ್ನು ಮೊದಲ ಬಾರಿಗೆ ತಿಳಿಸಿತು ಎಂದು ಹೇಳುವವರೂ ಇದ್ದಾರೆ.

ಇಂದು ಬ್ರಿಟನ್ನಿನಲ್ಲಿ ಅತಿ ಹೆಚ್ಚು ಜನರಿಗಿರುವ ಐವತ್ತು ಅಡ್ಡಹೆಸರುಗಳನ್ನು ಪಟ್ಟಿ ಮಾಡಿದರೆ ಅದರೊಳಗೆ ‘ಪಟೇಲ್’ ಇದೆ. ಸ್ಮಿತ್, ಜೋನ್ಸ್, ಟೇಲರ್‌ಗಳು ಶತಮಾನಗಳಿಂದ ಕುಳಿತಿದ್ದ ಸಾಲಿಗೆ ಅದು ಒಂದೇ ತಲೆಮಾರಿನೊಳಗೆ ಸೇರಿಕೊಂಡಿತು. ಹೆಸರು ಹೀಗೆ ಒಂದು ದೇಶದ ಭೂಪಟದಲ್ಲಿ ಹರಡಿಕೊಳ್ಳುವ ಬಗೆಯನ್ನು ಅಳೆಯುವ ವಿಜ್ಞಾನವೇ ಇದೆ. ಭೂಗೋಳ, ಜನಾಂಗಶಾಸ್ತ್ರ, ತಳಿವಿಜ್ಞಾನ ಮೂರೂ ಅಲ್ಲಿ ಕೂಡುತ್ತವೆ. ನಾನು ಅದನ್ನು ಓದತೊಡಗಿದ್ದು ಕುತೂಹಲಕ್ಕೆ. ಓದುತ್ತ ಹೋದಂತೆ, ಹೆಸರಿನ ನಕ್ಷೆಯನ್ನು ರಕ್ತಸಂಬಂಧದ ನಕ್ಷೆ ಎಂದು ಭಾವಿಸುವುದು ಎಷ್ಟು ಸುಲಭ, ಎಷ್ಟು ತಪ್ಪು ಎಂಬುದು ಮನಸ್ಸಿಗೆ ನಾಟಿತು.

ಅಡ್ಡಹೆಸರು ಎಂದರೆ ಇಲ್ಲಿ ಧಾರವಾಡ, ಬೆಳಗಾವಿಯ ಕಡೆಯವರು ಹೇಳುವ ಅರ್ಥದಲ್ಲಿ, ತಂದೆಯಿಂದ ಮಕ್ಕಳಿಗೆ ಬರುವ ಮನೆತನದ ಹೆಸರು. ಇಂಗ್ಲೆಂಡಿನಲ್ಲಿ ಇಂಥ ಹೆಸರುಗಳು ನೆಲಕ್ಕೆ ಬೇರು ಬಿಟ್ಟಂತೆ ಇರುತ್ತವೆ. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಭೂಗೋಳಶಾಸ್ತ್ರಜ್ಞ ಪಾಲ್ ಲಾಂಗ್ಲಿ ಮತ್ತು ಸಂಗಡಿಗರು 1881ರ ಜನಗಣತಿಯನ್ನೂ ಈಚಿನ ಮತದಾರರ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ಸಾವಿರಾರು ಹೆಸರುಗಳ ನಕ್ಷೆ ಬರೆದಿದ್ದಾರೆ. ರೈಲು, ಕಾರು, ಎರಡು ಮಹಾಯುದ್ಧ ಎಲ್ಲ ಆದ ಮೇಲೂ ಬಹಳಷ್ಟು ಹೆಸರುಗಳು ತಮ್ಮ ಹಳೆಯ ಜಿಲ್ಲೆಯ ಸುತ್ತಮುತ್ತಲೇ ದಟ್ಟವಾಗಿವೆ. ‘ಟ್ರೆ’ ಎಂದು ಶುರುವಾಗುವ ಹೆಸರುಗಳು ಇಂದಿಗೂ ಕಾರ್ನ್‌ವಾಲ್‌ನವೇ.

ಇಂಥ ನಕ್ಷೆ ಬರೆಯುವಾಗ ತಲೆ ಎಣಿಸಿದರೆ ಸಾಲದು. ಲಂಡನ್ನಿನಲ್ಲಿ ಎಲ್ಲ ಹೆಸರಿನವರೂ ಹೆಚ್ಚೇ. ಆದ್ದರಿಂದ ಒಂದು ಊರಿನ ಸಾವಿರ ಜನರಲ್ಲಿ ಎಷ್ಟು ಪಟೇಲರು, ಇಡೀ ದೇಶದ ಸಾವಿರ ಜನರಲ್ಲಿ ಎಷ್ಟು ಎಂದು ನೋಡಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸುತ್ತಾರೆ. ಉತ್ತರ ಒಂದಕ್ಕಿಂತ ಹೆಚ್ಚಾದಷ್ಟೂ ಆ ಹೆಸರು ಅಲ್ಲಿ ದಟ್ಟ. ಭಾರತೀಯ ಹೆಸರುಗಳ ಮಟ್ಟಿಗೆ ಮತದಾರರ ಪಟ್ಟಿ ವಿಶೇಷವಾಗಿ ಉಪಯುಕ್ತ. ಬ್ರಿಟನ್ನಿನಲ್ಲಿ ನೆಲೆಸಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೂ ಮತದ ಹಕ್ಕಿರುವುದರಿಂದ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರೂ ಅದರಲ್ಲಿ ಸಿಗುತ್ತಾರೆ.

ಹೀಗೆ ಬರೆದ ಪಟೇಲರ ನಕ್ಷೆ ಮೂರು ಕಡೆ ಕಪ್ಪಾಗುತ್ತದೆ. ಲಂಡನ್ನಿನ ವಾಯವ್ಯಕ್ಕಿರುವ ವೆಂಬ್ಲಿ, ಹ್ಯಾರೋ, ಮಧ್ಯದಲ್ಲಿ ಲೆಸ್ಟರ್, ಉತ್ತರದ ಲ್ಯಾಂಕಶೈರ್‌ನಲ್ಲಿ ಬೋಲ್ಟನ್, ಬ್ಲ್ಯಾಕ್‌ಬರ್ನ್, ಪ್ರೆಸ್ಟನ್.

ಪಟೇಲ ಎಂಬುದು ಮೂಲದಲ್ಲಿ ಮನೆತನದ ಹೆಸರೇ ಅಲ್ಲ, ಹುದ್ದೆ. ಹಳೆಯ ಶಾಸನಗಳ ‘ಪಟ್ಟಕಿಲ’ ಎಂಬ ಪದದಿಂದ ಗುಜರಾತಿನ ಪಟೇಲ್, ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಪಾಟೀಲ ಎರಡೂ ಬಂದಿವೆ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂದಾಯ ವಸೂಲಿ ಮಾಡುವವರು ಪಟೇಲರು, ಲೆಕ್ಕ ಬರೆಯುವವರು ಶಾನುಭೋಗರು. ನನ್ನ ಅಜ್ಜಿ ‘ಪಟೇಲರ ಮನೆ’ ಎಂದು ತೋರಿಸುತ್ತಿದ್ದ ಮನೆಯ ಜಗಲಿ ಎದೆಮಟ್ಟ ಎತ್ತರಕ್ಕಿತ್ತು. ಕಂಬಕ್ಕೆ ಒರಗಿ ಕುಳಿತವರ ಪಾದಗಳು ಕೆಳಗೆ ನಿಂತು ಕಂದಾಯದ ಮಾತಾಡುವವರ ಮುಖದ ಮಟ್ಟಕ್ಕೆ ಬರುತ್ತಿದ್ದವು. ಆ ಮನೆಯ ದಾಖಲೆಗಳಲ್ಲಿ ಮಾತ್ರ ಯಾರ ಹೆಸರಿನ ಮುಂದೆಯೂ ‘ಪಟೇಲ್’ ಇಲ್ಲ. ಕರ್ನಾಟಕದಲ್ಲಿ 1961ರ ಕಾನೂನು ಈ ಪಾರಂಪರಿಕ ಗ್ರಾಮಾಧಿಕಾರಗಳನ್ನು ಕೊನೆಗಾಣಿಸಿತು. ಕೆಲವು ಮನೆಗಳಲ್ಲಿ ಹುದ್ದೆ ಹೋಗಿ ಹೆಸರು ಉಳಿಯಿತು. ನಮ್ಮ ಮುಖ್ಯಮಂತ್ರಿಯಾಗಿದ್ದ ಜೆ. ಎಚ್. ಪಟೇಲರನ್ನು ನೆನೆಯಬಹುದು. ಇನ್ನು ಎಷ್ಟೋ ಮನೆಗಳಲ್ಲಿ ಎರಡೂ ಹೋದವು.

ಗುಜರಾತಿನಲ್ಲಿ ಆದದ್ದು ಬೇರೆ. ಅಲ್ಲಿ ಹುದ್ದೆಯ ಹೆಸರು ಪಾಟೀದಾರರ ಇಡೀ ಸಮುದಾಯಕ್ಕೆ ಹರಡಿತು. ಖೇಡಾ, ಆಣಂದದ ಸುತ್ತಲಿನ ಚರೋತರ್ ಎಂಬ ಹೊಗೆಸೊಪ್ಪಿನ ಸೀಮೆಯಿಂದ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಪಟೇಲರು ಪೂರ್ವ ಆಫ್ರಿಕಕ್ಕೆ ಹೋದರು. 1896ರಲ್ಲಿ ಶುರುವಾದ ಉಗಾಂಡಾ ರೈಲುಮಾರ್ಗಕ್ಕೆ ಹಳಿ ಹಾಸಿದ ಕೂಲಿಗಳೇ ಇವರ ಪೂರ್ವಜರು ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ, ಅದು ಸರಿಯಲ್ಲ. ಆ ಕೂಲಿಗಳು ಬಹುಪಾಲು ಪಂಜಾಬಿನವರು, ಅವರಲ್ಲಿ ಹೆಚ್ಚಿನವರು ಕೆಲಸ ಮುಗಿದ ಮೇಲೆ ವಾಪಸಾದರು. ಪಟೇಲರು ಹೋದದ್ದು ಗುಮಾಸ್ತರಾಗಿ, ಅಂಗಡಿಕಾರರಾಗಿ, ಶಿಕ್ಷಕರಾಗಿ. ಕೀನ್ಯಾ, ಉಗಾಂಡಾ ಸ್ವತಂತ್ರವಾದಾಗ ಅವರಲ್ಲಿ ಬಹಳ ಜನ ಬ್ರಿಟಿಷ್ ಪಾಸ್‌ಪೋರ್ಟ್ ಇಟ್ಟುಕೊಂಡರು. 1968ರಲ್ಲಿ ಕೀನ್ಯಾದಿಂದ ಜನ ಬರತೊಡಗಿದಾಗ ಬ್ರಿಟಿಷ್ ಸಂಸತ್ತು ಮೂರೇ ದಿನದಲ್ಲಿ ಕಾನೂನು ಮಾಡಿ ತಾನೇ ಕೊಟ್ಟ ಪಾಸ್‌ಪೋರ್ಟಿನ ಬೆಲೆಯನ್ನು ಕುಗ್ಗಿಸಿತು. ಓದಿದಾಗ ಈಗಲೂ ಸಂಕಟವಾಗುವ ಸಂಗತಿ ಅದು.

ಉಗಾಂಡಾದಿಂದ ಬ್ರಿಟನ್ನಿಗೆ ಬಂದಿಳಿದವರು ಸುಮಾರು 27 ಸಾವಿರ. ಸರ್ಕಾರ ದೇಶವನ್ನು ‘ಕೆಂಪು’ ಮತ್ತು ‘ಹಸಿರು’ ಪ್ರದೇಶಗಳಾಗಿ ಗುರುತಿಸಿ, ಈಗಾಗಲೇ ವಲಸಿಗರಿರುವ ಲೆಸ್ಟರ್‌ನಂಥ ಕೆಂಪು ಊರುಗಳಿಗೆ ಹೋಗಬೇಡಿ, ಹಸಿರಿನಲ್ಲಿ ಚದುರಿ ನೆಲೆಸಿ ಎಂದಿತು. ಆ ಯೋಜನೆಯಂತೆ ಎಲ್ಲ ನಡೆದಿದ್ದರೆ ಇಂದು ಪಟೇಲ್ ಹೆಸರು ನಕ್ಷೆಯ ಮೇಲೆ ತೆಳುವಾಗಿ ಹರಡಿರುತ್ತಿತ್ತು. ಆದರೆ ಮನುಷ್ಯ ಗುರುತಿನವರ ಹತ್ತಿರ ಹೋಗುತ್ತಾನೆ. ಲೆಸ್ಟರ್‌ನಲ್ಲಿ ಬನಿಯನ್, ಕಾಲುಚೀಲ ಹೆಣೆಯುವ ಕಾರ್ಖಾನೆಗಳಿದ್ದವು, ಬೆಲ್‌ಗ್ರೇವ್ ರಸ್ತೆಯ ಹಿಂದಿನ ಗಲ್ಲಿಗಳಲ್ಲಿ ಸಾಲುಮನೆಗಳು ಅಗ್ಗಕ್ಕೆ ಸಿಗುತ್ತಿದ್ದವು. ಇಂದು ಆ ರಸ್ತೆಯ ಉದ್ದಕ್ಕೂ ಸೀರೆ ಅಂಗಡಿ, ಒಡವೆ ಅಂಗಡಿ, ಫರಸಾಣ ಎಂಬ ಗುಜರಾತಿ ಕುರುಕಲು ತಿಂಡಿಯ ಅಂಗಡಿಗಳಿವೆ. ದೀಪಾವಳಿಗೆ ದೀಪ ನೋಡಲು ಅಲ್ಲಿ ಸಾವಿರಾರು ಜನ ಸೇರುತ್ತಾರೆ.

ಬ್ಲ್ಯಾಕ್‌ಬರ್ನ್‌ನ ಕಥೆಗೆ ಉಗಾಂಡಾ ಅಷ್ಟಾಗಿ ಬೇಕಿಲ್ಲ. ಅಲ್ಲಿಯ ಪಟೇಲರಲ್ಲಿ ಹೆಚ್ಚಿನವರು ಮುಸ್ಲಿಮರು. ಹತ್ತಿ ಬೆಳೆಯುವ ಕಪ್ಪು ಮಣ್ಣಿನ ಭರೂಚ್ ಮತ್ತು ಅದರ ನೆರೆಯ ಸೂರತ್ ಜಿಲ್ಲೆಯ ಹಳ್ಳಿಗಳಿಂದ ಅವರ ತಂದೆ, ತಾತಂದಿರು 1950 ಮತ್ತು 60ರ ದಶಕಗಳಲ್ಲಿ ನೇರವಾಗಿ ಲ್ಯಾಂಕಶೈರ್‌ನ ಹತ್ತಿ ಗಿರಣಿಗಳಿಗೆ ಬಂದರು. ಸ್ಥಳೀಯರು ಬೇಡವೆನ್ನುತ್ತಿದ್ದ ರಾತ್ರಿ ಪಾಳಿ ಅವರ ಪಾಲಿಗೆ ಬಂತು. ನಕ್ಷೆಯಲ್ಲಿ ಲೆಸ್ಟರ್‌ಗೂ ಬ್ಲ್ಯಾಕ್‌ಬರ್ನ್‌ಗೂ ಬಳಿದಿರುವುದು ಒಂದೇ ಬಣ್ಣ. ಅಲ್ಲಿ ಇರುವುದು ಬೇರೆ ಜಿಲ್ಲೆ, ಬೇರೆ ಮತ, ಬೇರೆ ದಾರಿ. ಮೊದಲ ಹೆಸರನ್ನೂ ಜೊತೆಗಿಟ್ಟು ಓದಿದಾಗಲೇ ಈ ಎರಡು ಪ್ರವಾಹಗಳು ಬೇರೆಯಾಗಿ ಕಾಣುತ್ತವೆ. ಇವೆರಡರ ನಡುವೆ ಕಚ್ಛಿನ ಲೇವಾ ಪಟೇಲರ ಮೂರನೆಯ ಪ್ರವಾಹವೊಂದಿದೆ. ಅವರಲ್ಲಿ ಅನೇಕರು ಪಟೇಲ್ ಎಂದು ಬರೆಯುವುದೇ ಇಲ್ಲ. ಹಿರಾಣಿ, ವರ್ಸಾಣಿ, ಹಾಲಾಯಿ ಎಂದು ಬರೆಯುತ್ತಾರೆ.

ಈಗ ತಳಿವಿಜ್ಞಾನಕ್ಕೆ ಬರೋಣ. ಅಡ್ಡಹೆಸರಿನಿಂದ ರಕ್ತಸಂಬಂಧವನ್ನು ಅಳೆಯಲು ಮೊದಲು ಹೊರಟವನು ಚಾರ್ಲ್ಸ್ ಡಾರ್ವಿನ್ನನ ಮಗ ಜಾರ್ಜ್ ಡಾರ್ವಿನ್. ಅವನ ತಂದೆ ತಾಯಿ ಸೋದರ ಸಂಬಂಧಿಗಳು. ಅದು ಮಕ್ಕಳ ಆರೋಗ್ಯಕ್ಕೆ ಕೆಡುಕೇ ಎಂಬ ಚಿಂತೆ ಆ ಮನೆಯಲ್ಲಿ ಸದಾ ಇತ್ತು. 1875ರಲ್ಲಿ ಜಾರ್ಜ್ ಮದುವೆಯ ಪ್ರಕಟಣೆಗಳನ್ನು ಕೂಡಿಹಾಕಿ, ವಧು ವರರಿಬ್ಬರಿಗೂ ಒಂದೇ ಅಡ್ಡಹೆಸರಿರುವ ಮದುವೆಗಳನ್ನು ಎಣಿಸಿದ. ಅದರಿಂದ ಸೋದರ ಸಂಬಂಧದ ಮದುವೆಗಳು ಎಷ್ಟಿರಬಹುದೆಂದು ಅಂದಾಜು ಕಟ್ಟಿದ. 1965ರಲ್ಲಿ ಜೇಮ್ಸ್ ಕ್ರೋ ಮತ್ತು ಆರ್ಥರ್ ಮ್ಯಾಂಜ್ ಇದನ್ನು ಗಣಿತದ ಚೌಕಟ್ಟಿಗೆ ತಂದರು. ಅದರ ತರ್ಕ ಸರಳ. ಒಬ್ಬನಿಗೆ ನಾಲ್ಕು ಬಗೆಯ ಸೋದರ ಸಂಬಂಧಿಗಳು: ಚಿಕ್ಕಪ್ಪ ದೊಡ್ಡಪ್ಪನ ಮಗಳು, ಸೋದರತ್ತೆಯ ಮಗಳು, ಸೋದರಮಾವನ ಮಗಳು, ಚಿಕ್ಕಮ್ಮ ದೊಡ್ಡಮ್ಮನ ಮಗಳು. ಇವರಲ್ಲಿ ಅವನ ಅಡ್ಡಹೆಸರೇ ಇರುವವಳು ಮೊದಲನೆಯವಳೊಬ್ಬಳು. ನಾಲ್ಕೂ ಬಗೆಯ ಮದುವೆಗಳು ಸಮನಾಗಿ ನಡೆಯುತ್ತವೆಂದಾದರೆ, ಒಂದೇ ಹೆಸರಿನ ಪ್ರತಿ ಒಂದು ಮದುವೆಯ ಹಿಂದೆ ಸೋದರ ಸಂಬಂಧದ ನಾಲ್ಕು ಮದುವೆಗಳಿವೆ ಎಂದು ಲೆಕ್ಕ.

ಈ ಲೆಕ್ಕವನ್ನು ಕನ್ನಡ ನಾಡಿಗೆ ತಂದು ನೋಡಿ. ನಮ್ಮಲ್ಲಿ ಚಿಕ್ಕಪ್ಪನ ಮಗಳು ತಂಗಿ, ದೊಡ್ಡಪ್ಪನ ಮಗಳು ಅಕ್ಕ. ಆ ಮದುವೆಯ ಮಾತೇ ಇಲ್ಲ. ಅತ್ತೆಯ ಮಗಳು, ಮಾವನ ಮಗಳು, ಹಲವು ಸಮುದಾಯಗಳಲ್ಲಿ ಅಕ್ಕನ ಮಗಳು ಕೂಡ ಮದುವೆಗೆ ಸಲ್ಲುವವರು. ಅವರೆಲ್ಲರ ಮನೆತನ ಬೇರೆ, ಹೆಸರು ಬೇರೆ. ನೂರಕ್ಕೆ ನೂರು ಮದುವೆಗಳು ಹತ್ತಿರದ ನೆಂಟರಲ್ಲೇ ನಡೆದರೂ ಜಾರ್ಜ್ ಡಾರ್ವಿನ್ನನ ಸೂತ್ರ ಸೊನ್ನೆ ಎನ್ನುತ್ತದೆ.

ಪಟೇಲರಲ್ಲಿ ಅದು ತಲೆಕೆಳಗಾಗಿ ತಪ್ಪುತ್ತದೆ. ಚರೋತರ್‌ನಲ್ಲಿ ‘ಗೋಳ್’ ಎಂಬ ಮದುವೆ ಬಳಗಗಳಿವೆ. ಪ್ರಸಿದ್ಧವಾದದ್ದು ಆರು ಊರುಗಳದ್ದು: ಕರಮಸದ್, ನಡಿಯಾದ್, ವಸೋ, ಧರ್ಮಜ್, ಭಾದರಣ್, ಸೋಜಿತ್ರಾ. ಹೆಣ್ಣು ಗಂಡು ಈ ಬಳಗದೊಳಗಿನವರೇ ಆಗಬೇಕು, ಆದರೆ ಸ್ವಂತ ಊರಿನವರಾಗಬಾರದು. ಒಂದೂರಿನ ಪಟೇಲರು ಒಂದೇ ಮೂಲದವರು, ಆದ್ದರಿಂದ ಅಣ್ಣತಂಗಿಯರು ಎಂಬ ನಂಬಿಕೆ. ಧರ್ಮಜ್‌ನ ಹುಡುಗಿ ನಡಿಯಾದಿನ ಹುಡುಗನ ಕೈ ಹಿಡಿಯುತ್ತಾಳೆ. ಅವಳೂ ಪಟೇಲ್, ಅವನೂ ಪಟೇಲ್. ಸೂತ್ರ ಅವರನ್ನು ನಿಕಟ ಬಂಧುಗಳೆಂದು ಎಣಿಸುತ್ತದೆ, ಅವರ ಅಜ್ಜಿಯರೋ ಹತ್ತಿರದ ನಂಟನ್ನು ತಪ್ಪಿಸಲೆಂದೇ ಊರು ನೋಡಿ ಸಂಬಂಧ ಕೂಡಿಸಿದವರು.

ಲೆಸ್ಟರ್ ವಿಶ್ವವಿದ್ಯಾಲಯ ಈ ಕಥೆಗೆ ಇನ್ನೊಂದು ಕಡೆಯಿಂದ ಬಂದು ಸೇರುತ್ತದೆ. 1984ರಲ್ಲಿ ಅಲೆಕ್ ಜೆಫ್ರೀಸ್ ಡಿಎನ್‌ಎ ಬೆರಳಚ್ಚನ್ನು ಕಂಡುಹಿಡಿದದ್ದು ಅಲ್ಲಿಯೇ. ಮುಂದೆ ಟುರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ ಅಲ್ಲಿ ಬ್ರಿಟಿಷ್ ಅಡ್ಡಹೆಸರುಗಳನ್ನೂ ವೈ ವರ್ಣತಂತುವನ್ನೂ ಹೋಲಿಸಿದರು. ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಹೋಗುವುದರಿಂದ ಅಡ್ಡಹೆಸರಿನ ಜಾಡಿನಲ್ಲೇ ಸಾಗಬೇಕು. ಅಟೆನ್‌ಬರೋ ಎಂಬ ಅಪರೂಪದ ಹೆಸರಿನ ಹತ್ತು ಗಂಡಸರಲ್ಲಿ ಸುಮಾರು ಒಂಬತ್ತು ಮಂದಿಯ ವೈ ಒಂದೇ ಬಗೆಯದಾಗಿತ್ತು, ಎಂದರೆ ಅಷ್ಟು ಮಂದಿಯೂ ಒಬ್ಬ ಮೂಲಪುರುಷನ ಸಂತತಿ. ಸ್ಮಿತ್‌ಗಳಲ್ಲಿ ಅಂಥ ಒಗ್ಗಟ್ಟು ಕಾಣಲಿಲ್ಲ. ಸ್ಮಿತ್ ಎಂದರೆ ಕಮ್ಮಾರ. ಊರಿಗೊಬ್ಬ ಕಮ್ಮಾರನಿದ್ದ, ಊರೂರಿನಲ್ಲಿ ಬೇರೆ ಬೇರೆಯಾಗಿ ಆ ಹೆಸರು ಹುಟ್ಟಿತು. ಊರಿಗೊಬ್ಬ ಪಟೇಲನೂ ಇದ್ದನಲ್ಲ. ಹುದ್ದೆಯಿಂದ ಹುಟ್ಟಿದ ಹೆಸರು ರಕ್ತದ ಬಗ್ಗೆ ಹೇಳುವುದು ಕಡಿಮೆಯೇ.

ಹಾಗೆಂದು ಹೆಸರು ನಿರುಪಯೋಗಿಯಲ್ಲ. ದಕ್ಷಿಣ ಏಷ್ಯನ್ನರಲ್ಲಿ ಸಕ್ಕರೆ ಕಾಯಿಲೆ, ಹೃದಯಾಘಾತ ಹೆಚ್ಚು ಎಂಬುದನ್ನು ಬ್ರಿಟನ್ನಿನಲ್ಲಿ ಅಧ್ಯಯನ ಮಾಡುವವರಿಗೆ ಒಂದು ತೊಡಕಿತ್ತು. ಮರಣ ದಾಖಲೆಯಲ್ಲಿ ಹುಟ್ಟಿದ ದೇಶ ಇರುತ್ತಿತ್ತು, ಜನಾಂಗ ಇರುತ್ತಿರಲಿಲ್ಲ. ಲೆಸ್ಟರ್‌ನಲ್ಲೇ ಹುಟ್ಟಿದ ಪಟೇಲ್ ಅಂಕಿಅಂಶದಲ್ಲಿ ಇಂಗ್ಲಿಷರೊಡನೆ ಬೆರೆತು ಕಾಣೆಯಾಗುತ್ತಿದ್ದ. ಅದಕ್ಕಾಗಿ ಬ್ರಾಡ್‌ಫರ್ಡ್‌ನಲ್ಲಿ ‘ನಾಮ್ ಪೆಹಚಾನ್’ ಎಂಬ ಗಣಕ ತಂತ್ರಾಂಶ ಬಂತು, ಬಳಿಕ ‘ಸಾಂಗ್ರಾ’ ಬಂತು. ಹೆಸರನ್ನು ಓದಿ ದಕ್ಷಿಣ ಏಷ್ಯದ್ದೋ ಅಲ್ಲವೋ ಎಂದು ಹೇಳುವುದು ಇವುಗಳ ಕೆಲಸ. ಪಟೇಲ್ ಸಿಕ್ಕರೆ ಅವು ತಡವರಿಸುವುದಿಲ್ಲ. ಡಿಸೋಜ, ಪಿಂಟೊ, ಲೋಬೊ ಎಂಬ ಮಂಗಳೂರಿನ, ಗೋವಾದ ಹೆಸರುಗಳು ಬಂದಾಗ ಪೋರ್ಚುಗೀಸರ ಕಡೆಗೆ ತಳ್ಳುವ ಅಪಾಯ ಇದ್ದೇ ಇದೆ. ಸ್ವಿಂಡನ್ನಿನಲ್ಲಿ ಗೋವಾದವರ ದೊಡ್ಡ ಸಮುದಾಯವೇ ಇದೆ, ಅವರ ರೋಗವನ್ನು ಯಾರ ಲೆಕ್ಕಕ್ಕೆ ಬರೆಯುವುದು?

ಹೆಸರನ್ನು ಓದುವುದು ಯಂತ್ರ ಮಾತ್ರವಲ್ಲ. 2009ರಲ್ಲಿ ಬ್ರಿಟಿಷ್ ಸರ್ಕಾರವೇ ಮಾಡಿಸಿದ ಪ್ರಯೋಗವೊಂದರಲ್ಲಿ ಒಂದೇ ಅರ್ಹತೆಯ ಕೆಲಸದ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳುಹಿಸಿದರು. ಬಿಳಿಯರೆನಿಸುವ ಹೆಸರಿಗೆ ಒಂದು ಒಳ್ಳೆಯ ಉತ್ತರ ಬರಲು 9 ಅರ್ಜಿ ಸಾಕಾದವು, ಅಲ್ಪಸಂಖ್ಯಾತ ಜನಾಂಗಗಳ ಹೆಸರಿಗೆ 16 ಬೇಕಾದವು.

ಭಾಷೆಗಿಂತ ಹೆಸರು ಗಟ್ಟಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗುಜರಾತಿ ತಮ್ಮ ಮುಖ್ಯ ಭಾಷೆ ಎಂದವರು 2011ರಲ್ಲಿ ಸುಮಾರು 2.13 ಲಕ್ಷ, 2021ರಲ್ಲಿ 1.89 ಲಕ್ಷ. ಅಜ್ಜಿಯ ಮಾತು ಮೊಮ್ಮಗುವಿಗೆ ಅರ್ಧಂಬರ್ಧ ತಿಳಿಯುವ ಮನೆಯಲ್ಲೂ ಶಾಲೆಯ ಹಾಜರಿ ಪುಸ್ತಕದಲ್ಲಿ ಪಟೇಲ್ ಎಂಬುದು ಒಂದಕ್ಷರವೂ ಸವೆಯದೆ ಉಳಿದಿದೆ.

ನಮ್ಮವರ ಜಾಡನ್ನು ಹೀಗೆ ಹಿಡಿಯುವುದು ಕಷ್ಟ. ಲ್ಯಾಂಬೆತ್‌ನ ಮೇಯರ್ ಆಗಿದ್ದ, ಥೇಮ್ಸ್ ದಡದಲ್ಲಿ ಬಸವಣ್ಣನ ಪ್ರತಿಮೆ ನಿಲ್ಲಿಸಿದ ಕಲಬುರಗಿಯ ನೀರಜ್ ಪಾಟೀಲರಂಥವರ ಹೆಸರು ನಕ್ಷೆಗೆ ಸಿಗುತ್ತದೆ. ಶೆಟ್ಟಿ, ಹೆಗಡೆ, ಗೌಡರೂ ಸಿಗುತ್ತಾರೆ. ಆದರೆ ಹಳೆ ಮೈಸೂರಿನ ಕಡೆಯ ಎಷ್ಟೋ ಮಂದಿಗೆ ಇರುವುದು ಹೆಸರಿನ ಮುಂದೆ ಎರಡು ಇನಿಶಿಯಲ್ ಮಾತ್ರ, ಒಂದು ಊರಿನದು, ಒಂದು ಅಪ್ಪನದು. ವೀಸಾ ಅರ್ಜಿಯಲ್ಲಿ ಅಡ್ಡಹೆಸರಿನ ಜಾಗ ಖಾಲಿ ಬಿಡುವಂತಿಲ್ಲವಾದ್ದರಿಂದ ಒಬ್ಬರು ಅಪ್ಪನ ಹೆಸರು ತುಂಬುತ್ತಾರೆ, ಇನ್ನೊಬ್ಬರು ಊರಿನದು. ಒಂದೇ ತಾಯಿಯ ಇಬ್ಬರು ಮಕ್ಕಳು ಬ್ರಿಟನ್ನಿನ ದಾಖಲೆಗಳಲ್ಲಿ ‘ನಂಜುಂಡಯ್ಯ’ ಮತ್ತು ‘ತುರುವೇಕೆರೆ’ ಎಂಬ ಎರಡು ವಂಶಗಳಾಗಿಬಿಡುತ್ತಾರೆ. ಅವರ ಮಕ್ಕಳು ಅಲ್ಲಿಯೇ ಹುಟ್ಟಿ ಅದೇ ಹೆಸರು ಹೊತ್ತು ಶಾಲೆಗೆ ಹೋಗುತ್ತಾರೆ. ಜಗಲಿಯ ಮೇಲೆ ಕೂರುತ್ತಿದ್ದ ಯಾರದೋ ಹುದ್ದೆ ಒಂದು ಕಾಲಕ್ಕೆ ಪಟೇಲ್ ಎಂಬ ಮನೆತನವಾದಂತೆ, ತುಮಕೂರು ಜಿಲ್ಲೆಯ ಒಂದು ಊರು ಈಗ ಇಂಗ್ಲೆಂಡಿನ ಮತದಾರರ ಪಟ್ಟಿಯಲ್ಲಿ, ಟರ್ನರ್‌ನ ಪಕ್ಕದಲ್ಲಿ, ಮನೆತನವಾಗುತ್ತಿದೆ.