ಪೆಡಲ್ ಸ್ವಿಚಿಂಗ್: ಕಾಲಿನ ಕೆಲಸ ಬೇರೆ, ಸಂಕೇತದ ದಾರಿ ಬೇರೆ

ಗಿಟಾರ್ ಪೆಡಲ್‌ಗಳನ್ನು (ಧ್ವನಿ ಬದಲಿಸುವ ಎಫೆಕ್ಟ್ ಪೆಟ್ಟಿಗೆಗಳನ್ನು) ತಾವೇ ಜೋಡಿಸುವವರ ಕೈಗೆ ಮೊದಲು ಬರುವುದು ಒಂಬತ್ತು ಕಾಲುಗಳ 3ಪಿಡಿಟಿ ಸ್ವಿಚ್, ಅಂದರೆ ಮೂರು ಸಂಪರ್ಕಗಳನ್ನು ಒಟ್ಟಿಗೆ ಬದಲಿಸುವ ಸ್ವಿಚ್. ಒಮ್ಮೆ ಒತ್ತಿದರೆ ಮೂರು ಕೆಲಸ ಆಗುತ್ತದೆ: ಒಳಬರುವ ಸಂಕೇತ ಎಫೆಕ್ಟ್ ಕಡೆಗೆ ತಿರುಗುತ್ತದೆ, ಹೊರಹೋಗುವ ಸಂಕೇತ ಎಫೆಕ್ಟ್‌ನಿಂದ ಬರುತ್ತದೆ, ಎಲ್‌ಇಡಿ ಹೊತ್ತಿಕೊಳ್ಳುತ್ತದೆ. ತೊಂದರೆ ಏನೆಂದರೆ, ಗಿಟಾರ್ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್‌ನಿಂದ ಬರುವ ಸೂಕ್ಷ್ಮ ಸಂಕೇತ ಹರಿಯುವುದೂ ಅದೇ ಸಂಪರ್ಕಗಳಲ್ಲಿ, ಮೈಭಾರವೆಲ್ಲ ಬೀಳುವುದೂ ಅವುಗಳ ಮೇಲೆಯೇ. ಸವೆದಾಗ ಮೊದಲು ಕೆಡುವುದು ಧ್ವನಿ. ಎಲೆಕ್ಟ್ರಾನಿಕ್ ಸ್ವಿಚಿಂಗ್‌ನಲ್ಲಿ ಈ ಎರಡನ್ನು ಬಿಡಿಸಿ ಇಡುತ್ತೇವೆ. ಕಾಲು ಆಜ್ಞೆಯನ್ನಷ್ಟೇ ಕೊಡುತ್ತದೆ. ದಾರಿ ಬದಲಿಸುವುದು ಇನ್ನೊಂದು ಬಿಡಿಭಾಗದ ಹೊಣೆ. ಮುಂದಿನ ನಿರ್ಧಾರಗಳೆಲ್ಲ ಈ ಒಂದು ವಿಭಜನೆಯಿಂದಲೇ ಹುಟ್ಟುತ್ತವೆ.

ಬೈಪಾಸ್ ಎಂದರೆ ನಿಜವಾಗಿ ಏನು

ಎಫೆಕ್ಟ್ ಆಫ್ ಮಾಡಿದಾಗ ಒಳ ಜ್ಯಾಕ್‌ಗೂ ಹೊರ ಜ್ಯಾಕ್‌ಗೂ ನಡುವೆ ಬರೀ ತಂತಿ ಉಳಿದರೆ ಅದು ಟ್ರೂ ಬೈಪಾಸ್. ನಡುವೆ ಸದಾ ಬಫರ್ ಎಂಬ ಆಂಪ್ಲಿಫೈಯರ್ ಹಂತ ಇದ್ದರೆ ಬಫರ್ಡ್ ಬೈಪಾಸ್. ಯಾವುದು ಮೇಲು ಎಂಬ ಜಗಳ ಹಳೆಯದು. ಒಂದು ಸಣ್ಣ ಲೆಕ್ಕ ಹಾಕಿದರೆ ಅದರ ಕಾವು ಅರ್ಧಕ್ಕೆ ಇಳಿಯುತ್ತದೆ. ಪಿಕಪ್‌ನ ಇಂಡಕ್ಟನ್ಸ್ 2.5 ಹೆನ್ರಿ, ಕೇಬಲ್‌ನ ಧಾರಕತೆ ಮೀಟರಿಗೆ 100 ಪಿಕೋಫ್ಯಾರಡ್ ಎಂದುಕೊಳ್ಳಿ. ಕೇಬಲ್ 5 ಮೀಟರ್ ಇದ್ದರೆ ಎರಡೂ ಸೇರಿ ಅನುರಣಿಸುವುದು ಸುಮಾರು 4,500 ಹರ್ಟ್ಸ್‌ನಲ್ಲಿ. 10 ಮೀಟರ್ ಆದರೆ ಸುಮಾರು 3,200 ಹರ್ಟ್ಸ್‌ನಲ್ಲಿ. ಅದಕ್ಕಿಂತ ಮೇಲಿನ ತಾರ ಸ್ವರಾಂಶ ಬೇಗ ಕುಸಿಯುತ್ತದೆ. ಟ್ರೂ ಬೈಪಾಸ್ ಪೆಡಲ್‌ಗಳನ್ನು ಸಾಲಾಗಿ ಜೋಡಿಸಿ ಎಲ್ಲವನ್ನೂ ಆಫ್ ಮಾಡಿದರೆ, ಅಷ್ಟೂ ಕೇಬಲ್‌ನ ಭಾರ ನೇರವಾಗಿ ಪಿಕಪ್ ಮೇಲೆ ಬೀಳುತ್ತದೆ. ಹಾಗಾಗಿ ನನ್ನ ಪಕ್ಷ ಇದು: ಪ್ರತಿ ಪೆಡಲ್ ಟ್ರೂ ಬೈಪಾಸ್ ಇರಲಿ, ಆ ಭಾರವನ್ನು ಪಿಕಪ್ ಬದಲು ಹೊರಲು ಇಡೀ ಸಾಲಿಗೆ ಒಂದು ಒಳ್ಳೆಯ ಬಫರ್ ಇರಲಿ. ಪಿಕಪ್‌ನೊಡನೆ ನೇರ ಸಂಬಂಧ ಬೇಡುವ ಹಳೆಯ ಮಾದರಿಯ ಫಜ್ (ಧ್ವನಿಯನ್ನು ಒರಟಾಗಿಸುವ ಎಫೆಕ್ಟ್) ಇದ್ದರೆ ಅದು ಬಫರ್‌ಗಿಂತ ಮುಂಚೆ ಬರಬೇಕು.

ಮೂರು ಬಗೆಯ ಬಾಗಿಲು

ಬಾಸ್ ಕಂಪನಿಯ ಚಿಕ್ಕ ಪೆಡಲ್‌ಗಳು 1977ರಲ್ಲಿ ಬಂದವು. ಆ ಬಗೆಯ ಪೆಡಲ್‌ಗಳಲ್ಲಿ ಜೆಫೆಟ್ ಟ್ರಾನ್ಸಿಸ್ಟರ್‌ಗಳೇ ಬಾಗಿಲು. ಸಂಕೇತವನ್ನು ಅರ್ಧ ವೋಲ್ಟೇಜಿನ ಮೇಲೆ, ಅಂದರೆ 9 ವೋಲ್ಟ್ ಪೂರೈಕೆಯಲ್ಲಿ 4.5ರ ಆಸುಪಾಸು ಇರಿಸುತ್ತಾರೆ. ಟ್ರಾನ್ಸಿಸ್ಟರ್‌ನ ನಿಯಂತ್ರಣ ಕಾಲಾದ ಗೇಟ್ ಅನ್ನು ಶೂನ್ಯಕ್ಕೆ ಎಳೆದರೆ ದಾರಿ ಮುಚ್ಚುತ್ತದೆ. ಗೇಟ್‌ನ ಮುಂದೆ ದೊಡ್ಡ ರೆಸಿಸ್ಟರ್, ಚಿಕ್ಕ ಕೆಪಾಸಿಟರ್ ಇಟ್ಟು ಬಾಗಿಲು ಕೆಲವು ಮಿಲಿಸೆಕೆಂಡ್‌ಗಳಲ್ಲಿ ಮೆಲ್ಲಗೆ ಮುಚ್ಚುವಂತೆ ಮಾಡುತ್ತಾರೆ. ಅದರಿಂದಾಗಿಯೇ ಅವು ಸದ್ದಿಲ್ಲದೆ ಬದಲಾಗುತ್ತವೆ. ಎರಡೂ ತುದಿಯಲ್ಲಿ ಬಫರ್ ಮಾತ್ರ ಬೇಕೇ ಬೇಕು.

ಸಿಡಿ4053 ಚಿಪ್‌ನಲ್ಲಿ ಎರಡು ದಾರಿಗಳ ನಡುವೆ ಬದಲಿಸುವ ಸ್ವಿಚ್‌ಗಳು ಮೂರಿವೆ. ದಾರಿ ತೆರೆದಾಗ ನೂರಾರು ಓಮ್ ರೋಧ ಉಳಿಯಬಹುದು. ಮುಂದಿನ ಹಂತದ ರೋಧ ಒಂದು ಮೆಗಾಓಮ್ ಆಗಿದ್ದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಸಂಕೇತ ಪೂರೈಕೆಯ ಗಡಿ ದಾಟಬಾರದು ಎಂಬುದೇ ಇದರ ಕಟ್ಟುಪಾಡು; ಆದ್ದರಿಂದ ಇಲ್ಲೂ 4.5 ವೋಲ್ಟ್ ಆಸರೆ ಬೇಕು.

ಮೂರನೆಯದು ರಿಲೇ: ಕಾಯಿಲ್ (ತಂತಿಯ ಸುರುಳಿ) ಅಯಸ್ಕಾಂತವಾಗಿ ಎಳೆದು ಸಂಪರ್ಕ ಬದಲಿಸುವ ಸ್ವಿಚ್. ಸಂಕೇತಕ್ಕೆ ಸಿಗುವುದು ಲೋಹದ ಸಂಪರ್ಕ ಮಾತ್ರ. ಟ್ರಾನ್ಸಿಸ್ಟರ್ ಇಲ್ಲ, ವೋಲ್ಟೇಜಿನ ಆಸರೆ ಇಲ್ಲ. ವಿದ್ಯುತ್ತು ಹೆಚ್ಚು ತಿನ್ನುತ್ತದೆ, ಮೆಲ್ಲಗೆ ಟಿಕ್ ಎನ್ನುತ್ತದೆ. ಆದರೂ ಕಲಿಯುವವರಿಗೆ ನಾನು ಹೇಳುವುದು ಇದನ್ನೇ. ಆಜ್ಞೆಗೂ ಸಂಕೇತಕ್ಕೂ ನಡುವಿನ ಗೋಡೆ ಇದರಲ್ಲಿ ಕಣ್ಣಿಗೇ ಕಾಣುತ್ತದೆ: ಒಂದು ಕಡೆ ಕಾಯಿಲ್, ಇನ್ನೊಂದು ಕಡೆ ಸಂಪರ್ಕಗಳು.

ರಿಲೇ ಜೋಡಣೆ

ಸಂಕೇತಕ್ಕೆಂದೇ ಬರುವ 5 ವೋಲ್ಟಿನ ಚಿಕ್ಕ ಡಿಪಿಡಿಟಿ ರಿಲೇಯಲ್ಲಿ ಎರಡು ಕಂಬಗಳಿರುತ್ತವೆ, ಅಂದರೆ ಒಟ್ಟಿಗೆ ಬದಲಾಗುವ ಎರಡು ಸ್ವಿಚ್‌ಗಳು. ಪ್ರತಿ ಕಂಬಕ್ಕೂ ಒಂದು ನಡುಕಾಲು, ಕಾಯಿಲ್‌ಗೆ ವಿದ್ಯುತ್ತು ಇಲ್ಲದಾಗ ಕೂಡಿರುವ ಕಾಲು, ವಿದ್ಯುತ್ತು ಬಂದಾಗ ಕೂಡುವ ಕಾಲು. ಹಲವರು ಎರಡು ಜ್ಯಾಕ್‌ಗಳನ್ನು ಎರಡು ನಡುಕಾಲುಗಳಿಗೆ ಕೊಡುತ್ತಾರೆ. ಕೆಲಸವೇನೋ ನಡೆಯುತ್ತದೆ, ಆದರೆ ಬೈಪಾಸ್‌ನಲ್ಲಿ ಎಫೆಕ್ಟ್‌ನ ಒಳದಾರಿ ಗಾಳಿಯಲ್ಲಿ ತೇಲುತ್ತಿರುತ್ತದೆ. ಡಿಸ್ಟಾರ್ಶನ್‌ನಂತಹ ಹೆಚ್ಚು ವರ್ಧನೆಯ ಸರ್ಕ್ಯೂಟ್ ಆಗ ತನ್ನಷ್ಟಕ್ಕೆ ಕಿರುಚಿ, ಆ ಸದ್ದು ಪಕ್ಕದ ತಂತಿಗೆ ಸೋರಬಹುದು.

ಇದಕ್ಕಿಂತ ಚೆನ್ನಾದ ಜೋಡಣೆ ಒಂದಿದೆ. ಮೊದಲ ಕಂಬದ ನಡುಕಾಲನ್ನು ಎಫೆಕ್ಟ್‌ನ ಒಳದಾರಿಗೆ ಕೊಡಿ. ಅದರ ಕೂಡಿರುವ ಕಾಲು ಗ್ರೌಂಡ್‌ಗೆ, ಕೂಡುವ ಕಾಲು ಒಳ ಜ್ಯಾಕ್‌ಗೆ. ಎರಡನೆಯ ಕಂಬದ ನಡುಕಾಲು ಹೊರ ಜ್ಯಾಕ್‌ಗೆ. ಅದರ ಕೂಡಿರುವ ಕಾಲು ಒಳ ಜ್ಯಾಕ್‌ಗೆ, ಕೂಡುವ ಕಾಲು ಎಫೆಕ್ಟ್‌ನ ಹೊರದಾರಿಗೆ. ಈಗ ಕಾಗದದ ಮೇಲೆ ಎರಡೂ ಸ್ಥಿತಿಗಳನ್ನು ಬೆರಳಿಟ್ಟು ಹಿಂಬಾಲಿಸಿ. ಬೈಪಾಸ್‌ನಲ್ಲಿ ಜ್ಯಾಕ್‌ಗಳು ನೇರ ಕೂಡುತ್ತವೆ, ಎಫೆಕ್ಟ್‌ನ ಬಾಯಿ ಗ್ರೌಂಡ್‌ಗೆ ಮುಚ್ಚಿರುತ್ತದೆ. ಹೊತ್ತಿಸಿದಾಗ ಸಂಕೇತ ಎಫೆಕ್ಟ್ ಹೊಕ್ಕು ಹೊರಬರುತ್ತದೆ. 3ಪಿಡಿಟಿಯಲ್ಲಿ ಎಲ್‌ಇಡಿಗೆ ಮೂರನೆಯ ಕಂಬ ಹೋಗುತ್ತಿತ್ತು. ಇಲ್ಲಿ ಅದನ್ನು ಮೈಕ್ರೋಕಂಟ್ರೋಲರ್ (ಪ್ರೋಗ್ರಾಂ ಓಡಿಸುವ ಚಿಪ್) ನೋಡಿಕೊಳ್ಳುವುದರಿಂದ ಎರಡೇ ಸಾಕು. ಕಾಯಿಲ್‌ಗೆ ಅಡ್ಡಲಾಗಿ 1ಎನ್4148 ಡಯೋಡ್ ಅನ್ನು ಉಲ್ಟಾ ಹಾಕುವುದನ್ನು ಮರೆಯಬಾರದು. ಕಾಯಿಲ್ ಆರುವಾಗ ಏಳುವ ವೋಲ್ಟೇಜ್ ಅದನ್ನು ನಡೆಸುವ ಟ್ರಾನ್ಸಿಸ್ಟರ್ ಅನ್ನು ಸುಡಬಲ್ಲದು.

ಪಟ್ ಎಂಬ ಸದ್ದು

ಒತ್ತಿದಾಗ ಸ್ಪೀಕರ್‌ನಲ್ಲಿ ಪಟ್ ಎಂದರೆ ಎಲ್ಲರೂ ಸ್ವಿಚ್ ಅನ್ನು ಬೈಯುತ್ತಾರೆ. ಬಹಳ ಸಲ ತಪ್ಪಿತಸ್ಥ ಕೆಪಾಸಿಟರ್. ಎಫೆಕ್ಟ್‌ನ ಹೊರದಾರಿಯ ಕೆಪಾಸಿಟರ್ ಒಳಗಿನ ಡಿಸಿ ವೋಲ್ಟೇಜನ್ನು ತಡೆಯುತ್ತದೆ, ಆದರೆ ಸ್ವಲ್ಪ ಸೋರುತ್ತದೆ. ಬೈಪಾಸ್‌ನಲ್ಲಿ ಅದರ ಹೊರತುದಿ ಯಾವುದಕ್ಕೂ ಅಂಟಿರದ ಕಾರಣ ಅಲ್ಲಿ ವೋಲ್ಟೇಜ್ ಕೂಡುತ್ತ ಹೋಗಿ, ಸಂಪರ್ಕ ಕೂಡಿದ ಕ್ಷಣ ಒಮ್ಮೆಲೇ ಇಳಿಯುತ್ತದೆ. ಅಲ್ಲಿಂದ ಗ್ರೌಂಡ್‌ಗೆ ಒಂದು ಮೆಗಾಓಮ್ ರೆಸಿಸ್ಟರ್ ಇಟ್ಟರೆ ಅದು ಕೂಡುವುದೇ ಇಲ್ಲ. ರಿಲೇಯ ಎಫೆಕ್ಟ್ ಕಡೆಗೇ ಇಡಿ, ಜ್ಯಾಕ್ ಕಡೆಗಲ್ಲ. ಜ್ಯಾಕ್ ಕಡೆ ಇಟ್ಟರೆ ಬೈಪಾಸ್‌ನಲ್ಲೂ ಪಿಕಪ್ ಅದನ್ನು ಹೊರಬೇಕಾಗುತ್ತದೆ. ಒಳದಾರಿಗೆ ಇಂಥದ್ದು ಬೇಡ. ಮೇಲಿನ ಜೋಡಣೆಯಲ್ಲಿ ಅದು ಹೇಗೂ ಗ್ರೌಂಡ್‌ಗೆ ಕೂಡಿರುತ್ತದೆ.

ಅದರ ಮೇಲೂ ಸದ್ದು ಉಳಿದರೆ ಹೊರದಾರಿಯನ್ನು ಕ್ಷಣಕಾಲ ಮೌನಗೊಳಿಸಬಹುದು. ಟಿಎಲ್‌ಪಿ222 ಬಗೆಯ ಫೋಟೋ ರಿಲೇಯನ್ನು (ಬೆಳಕಿನಿಂದ ನಡೆಯುವ ಸ್ವಿಚ್) ಹೊರ ಜ್ಯಾಕ್‌ಗೂ ಗ್ರೌಂಡ್‌ಗೂ ನಡುವೆ ಇಡಿ. ಮೊದಲು ಮೌನ, ಕೆಲವು ಮಿಲಿಸೆಕೆಂಡ್ ಬಿಟ್ಟು ರಿಲೇ, ಸಂಪರ್ಕಗಳು ನೆಲೆನಿಂತ ಮೇಲೆ ಮತ್ತೆ ಧ್ವನಿ. ಇಡೀ ಸರಣಿ 20–30 ಮಿಲಿಸೆಕೆಂಡ್‌ಗಳಲ್ಲಿ ಮುಗಿದರೆ ನುಡಿಸುವಾಗ ಅಂತರ ಗೊತ್ತಾಗುವುದು ಕಷ್ಟ.

ಆಜ್ಞೆಯ ಕಡೆ

ಕಾಲಿನ ಸ್ವಿಚ್ ಈಗ ಒತ್ತಿದಾಗ ಕೂಡಿ ಬಿಟ್ಟಾಗ ಬಿಡುವ ಸಾದಾ ಗುಂಡಿ. ಎಟಿಟೈನಿ13ರಂತಹ ಎಂಟು ಕಾಲಿನ ಮೈಕ್ರೋಕಂಟ್ರೋಲರ್ ಧಾರಾಳವಾಗಿ ಸಾಕು. ಗುಂಡಿಯ ಲೋಹ ಕೂಡುವಾಗ ಹಲವು ಸಲ ಪುಟಿಯುತ್ತದೆ. ಪ್ರೋಗ್ರಾಂ 10–20 ಮಿಲಿಸೆಕೆಂಡ್ ಸ್ಥಿರವಾಗಿದೆಯೇ ಎಂದು ನೋಡಿ ಆಮೇಲೆ ನಂಬಬೇಕು. ಗುಂಡಿ ಬಿಟ್ಟಾಗಲ್ಲ, ಒತ್ತಿದಾಗಲೇ ದಾರಿ ಬದಲಾಗಲಿ; ಇಲ್ಲದಿದ್ದರೆ ತಾಳ ತಪ್ಪಿದಂತಾಗುತ್ತದೆ. ಅರ್ಧ ಸೆಕೆಂಡಿಗಿಂತ ಹೆಚ್ಚು ಹಿಡಿದಿದ್ದರೆ ಬಿಟ್ಟಾಗ ಹಿಂದಿನ ಸ್ಥಿತಿಗೆ ಮರಳುವ ಸೌಕರ್ಯವನ್ನು ಒಂದೆರಡು ಸಾಲು ಸೇರಿಸಿ ಪಡೆಯಬಹುದು. ಒಂದೇ ಸ್ವರಕ್ಕೆ ಡಿಲೇ (ಪ್ರತಿಧ್ವನಿ) ಹಚ್ಚಲು ಇದು ಬಹಳ ಅನುಕೂಲ. ಎಲ್‌ಇಡಿಯ ಬೆಳಕನ್ನು ಪಿಡಬ್ಲ್ಯುಎಂ (ಬೇಗಬೇಗ ಹೊತ್ತಿಸಿ ನಂದಿಸುವ ವಿಧಾನ) ಮೂಲಕ ತಗ್ಗಿಸುವ ಆಸೆ ಬೇಡ, ಆ ಮಿಡಿತ ಕೇಳುವ ಆವರ್ತನದಲ್ಲಿದ್ದರೆ ಸಣ್ಣ ಶಿಳ್ಳೆಯಾಗಿ ಧ್ವನಿಗೆ ಸೇರುತ್ತದೆ. ದೊಡ್ಡ ರೆಸಿಸ್ಟರ್ ಹಾಕಿದರೆ ಮುಗಿಯಿತು.

ಹಲವು ಪೆಡಲ್‌ಗಳಿಗೆ ಒಂದೇ ಪೆಟ್ಟಿಗೆ

ಎಂಟು ಲೂಪ್‌ಗಳ (ಒಂದೊಂದಕ್ಕೂ ಒಂದು ಪೆಡಲ್ ಸಿಕ್ಕಿಸುವ ದಾರಿಗಳ) ಪೆಟ್ಟಿಗೆ ಮಾಡಹೊರಟರೆ ವಿದ್ಯುತ್ತಿನ ಲೆಕ್ಕ ಎದುರಾಗುತ್ತದೆ. 140 ಮಿಲಿವ್ಯಾಟ್‌ನ 5 ವೋಲ್ಟ್ ರಿಲೇ 28 ಮಿಲಿಆಂಪಿಯರ್ ಎಳೆಯುತ್ತದೆ, ಎಂಟಕ್ಕೆ 224. 100 ಮಿಲಿಆಂಪಿಯರ್‌ನ 78ಎಲ್05 ವೋಲ್ಟೇಜ್ ನಿಯಂತ್ರಕಕ್ಕೆ ಇದು ಮೀರಿದ ಮಾತು. ಇದ್ದ ಸ್ಥಿತಿಯಲ್ಲೇ ನಿಲ್ಲುವ ಲ್ಯಾಚಿಂಗ್ ರಿಲೇ ಬಳಸಿದರೆ ಬದಲಿಸುವಾಗ ಮಾತ್ರ ಒಂದು ಸಣ್ಣ ತುಡಿತ ಸಾಕು. ಎರಡು ಕಾಯಿಲ್‌ನ ಬಗೆಗೆ ಹದಿನಾರು ತಂತಿ ಬೇಕಾಗುವುದರಿಂದ ಎರಡು 74ಎಚ್‌ಸಿ595 (ಕೆಲವೇ ತಂತಿಗಳಿಂದ ಎಂಟು ಹೊರದಾರಿ ಕೊಡುವ ಚಿಪ್), ಎರಡು ಯುಎಲ್‌ಎನ್2803 (ಕಾಯಿಲ್ ನಡೆಸುವ ಎಂಟು ಟ್ರಾನ್ಸಿಸ್ಟರ್ ದಾರಿಗಳ ಚಿಪ್) ಹಾಕಿ. ಯುಎಲ್‌ಎನ್2803ರಲ್ಲಿ ಡಯೋಡ್‌ಗಳು ಒಳಗೇ ಇವೆ. 595 ಚಿಪ್ ವಿದ್ಯುತ್ತು ಬಂದ ಕ್ಷಣ ಏನನ್ನು ಹೊರಹಾಕುತ್ತದೆ ಎಂಬ ಖಾತ್ರಿ ಇಲ್ಲ. ಅದರ ಔಟ್‌ಪುಟ್ ಎನೇಬಲ್ ಕಾಲನ್ನು ರೆಸಿಸ್ಟರ್ ಮೂಲಕ 5 ವೋಲ್ಟ್‌ಗೆ ಎಳೆದಿಟ್ಟು, ಸರಿಯಾದ ಮಾಹಿತಿ ತುಂಬಿದ ಮೇಲೆ ಮಾತ್ರ ಪ್ರೋಗ್ರಾಂ ಅದನ್ನು ಇಳಿಸಲಿ. ಎಂಟು ಲೂಪ್‌ಗಳ ಸ್ಥಿತಿ ಸರಿಯಾಗಿ ಒಂದು ಬೈಟ್. ಮೊದಲೇ ಹೊಂದಿಸಿಟ್ಟ ಜೋಡಿಗಳನ್ನು ಇಇಪ್ರಾಮ್‌ನಲ್ಲಿ (ವಿದ್ಯುತ್ತು ಹೋದರೂ ಅಳಿಯದ ಸ್ಮೃತಿಯಲ್ಲಿ) ಉಳಿಸುವುದು ಸಲೀಸು.

ಲ್ಯಾಚಿಂಗ್ ರಿಲೇಯದು ಒಂದು ಹಟವಿದೆ: ವಿದ್ಯುತ್ತು ಹೋದರೆ ಅದು ಇದ್ದಲ್ಲೇ ನಿಲ್ಲುತ್ತದೆ. ಲೂಪ್‌ನ ಪೆಡಲ್ ಸಂಕೇತದ ದಾರಿಯಲ್ಲಿದ್ದಾಗ ಇಡೀ ಪೂರೈಕೆ ಕಡಿದರೆ, ಒಳಗಿನ ಪೆಡಲ್ ಕೂಡ ಸತ್ತು ಧ್ವನಿ ಪೂರ್ತಿ ನಿಲ್ಲಬಹುದು. ಸಾದಾ ರಿಲೇ ಆಗ ತಾನಾಗಿ ಬೈಪಾಸ್‌ಗೆ ಬೀಳುತ್ತದೆ. ಹೀಗಾಗಿ ಒಂಟಿ ಪೆಡಲ್‌ಗೆ ಸಾದಾ ರಿಲೇ, ದೊಡ್ಡ ಪೆಟ್ಟಿಗೆಗೆ ಲ್ಯಾಚಿಂಗ್, ಜೊತೆಗೆ ಇಡೀ ಪೆಟ್ಟಿಗೆಯನ್ನು ದಾಟಿಹೋಗುವಂತೆ ಕೊನೆಯಲ್ಲಿ ಒಂದು ಸಾದಾ ರಿಲೇ. ಬೆಸುಗೆ ಮುಗಿದ ಮೇಲೆ ವಿದ್ಯುತ್ತು ಕೊಡದೆಯೇ ಮಲ್ಟಿಮೀಟರ್‌ನ ಎರಡು ಕಡ್ಡಿಗಳನ್ನು ಎರಡು ಜ್ಯಾಕ್‌ಗಳ ತುದಿಗೆ ಮುಟ್ಟಿಸಿ: ಒಂದು ಓಮ್‌ನ ಆಸುಪಾಸು ತೋರಿಸಿದರೆ ಬೈಪಾಸ್ ದಾರಿ ಸರಿಯಾಗಿದೆ.