ಡಿಸ್‌ಪ್ಲೇಸ್‌ಮೆಂಟ್: ಸಾಯದ ಹಕ್ಕಿಗೂ ಆಗುವ ನಷ್ಟ

ಸಮುದ್ರದಲ್ಲಿ ಗಾಳಿಯಂತ್ರ ಎಂದೊಡನೆ ಮುಂಬಯಿಯ ಹಕ್ಕಿಪ್ರಿಯರು ಮೊದಲು ಕೇಳುವುದು, "ಎಷ್ಟು ಸಾಯುತ್ತವೆ?" ಡಿಸ್‌ಪ್ಲೇಸ್‌ಮೆಂಟ್‌ನಲ್ಲಿ ಒಂದೂ ಸಾಯಬೇಕಿಲ್ಲ. ಮೇಯುತ್ತಿದ್ದ ನೀರಿನಲ್ಲಿ ಯಂತ್ರಗಳು ಎದ್ದ ಮೇಲೆ ಹಕ್ಕಿ ಆ ಕಡೆ ಬರುವುದನ್ನೇ ಬಿಡುತ್ತದೆ, ಅಷ್ಟೆ. ಹೆಣ ಸಿಗದ ಕಾರಣ ಲೆಕ್ಕಕ್ಕೂ ಸುಲಭವಾಗಿ ಸಿಗುವುದಿಲ್ಲ.

ಇದರ ದೊಡ್ಡ ಉದಾಹರಣೆ ಉತ್ತರ ಸಮುದ್ರದ ಕೆಂಪುಗೊರಳಿನ ಡೈವರ್. ಚಳಿಗಾಲ, ವಸಂತದಲ್ಲಿ ಜರ್ಮನಿಯ ಕರಾವಳಿಯಾಚೆ ಮೀನು ಹಿಡಿಯುವ ಈ ಹಕ್ಕಿ ಮಹಾ ಪುಕ್ಕಲು. ದೂರದಲ್ಲಿ ಹಡಗು ಕಂಡರೂ ಎದ್ದು ಹಾರುತ್ತದೆ. ಅಲ್ಲಿ ಗಾಳಿಯಂತ್ರಗಳು ಬಂದ ಮೇಲೆ ಅವುಗಳಿಂದ 10 ಕಿ.ಮೀ. ದೂರದವರೆಗೂ ಡೈವರ್‌ಗಳ ಸಂಖ್ಯೆ ಇಳಿಯಿತು. ಯಂತ್ರ ನಿಂತ ಜಾಗ ಚಿಕ್ಕದು, ಹಕ್ಕಿ ಕಳೆದುಕೊಂಡ ಸಮುದ್ರ ಅದರ ಹಲವು ಪಟ್ಟು. ಓಡಿಸಿಕೊಂಡವು ಉಳಿದ ನೀರಿನಲ್ಲೇ ಒತ್ತೊತ್ತಾಗಿ ಸೇರುತ್ತವೆ. ಅಲ್ಲಿ ಎಲ್ಲಕ್ಕೂ ಸಾಲುವಷ್ಟು ಮೀನಿದೆಯೇ ಎಂಬುದೇ ನಿಜವಾದ ಪ್ರಶ್ನೆ.

ವಲಸೆ ದಾರಿಯಲ್ಲಿ ಯಂತ್ರಗಳ ಪಕ್ಕದಿಂದ ಸುತ್ತುಹಾಕಿ ಹೋಗುವುದಕ್ಕೆ 'ಬ್ಯಾರಿಯರ್ ಎಫೆಕ್ಟ್' ಎನ್ನುತ್ತಾರೆ. ಡೆನ್ಮಾರ್ಕಿನ ನ್ಯೂಸ್ಟೆಡ್ ಎಂಬ ಕಡಲ ಗಾಳಿಯಂತ್ರಗಳ ತಾಣದಲ್ಲಿ ಐಡರ್ ಬಾತುಗಳು ಮಾಡಿದ್ದು ಅದನ್ನೇ. ಒಂದು ಸುತ್ತು ಹೆಚ್ಚು ಹಾರಿದರೆ ದೊಡ್ಡ ಹೊರೆಯೇನಲ್ಲ. ಗೂಡಿಗೂ ಮೀನಿನ ಜಾಗಕ್ಕೂ ನಡುವೆ ದಿನವೂ ಅದೇ ಸುತ್ತಾದರೆ ಮಾತು ಬೇರೆ.

ಹೆದರುವ ಹಕ್ಕಿ ಜಾಗ ಕಳೆದುಕೊಂಡರೆ, ಹೆದರದ್ದು ಜೀವ ಕಳೆದುಕೊಳ್ಳಬಹುದು. ಯುರೋಪಿನ ಕಿಟ್ಟಿವೇಕ್ ಎಂಬ ಕಡಲಕ್ಕಿಯ ವಿಷಯದಲ್ಲಿ ಡಿಕ್ಕಿಯ ಭಯವೇ ಹೆಚ್ಚು. ಅದಕ್ಕೆ ಪರಿಹಾರವಾಗಿ ಇಂಗ್ಲೆಂಡಿನಲ್ಲಿ ಕೃತಕ ಗೂಡುಕಟ್ಟೆಗಳನ್ನೇ ಕಟ್ಟಿದ್ದಾರೆ. ನೀರುಕಾಗೆಗಳಂತೂ ಯಂತ್ರದ ಬುಡವನ್ನೇ ರೆಕ್ಕೆ ಒಣಗಿಸುವ ಕಟ್ಟೆ ಮಾಡಿಕೊಳ್ಳುತ್ತವೆ! ಹಾಗಾಗಿ 'ಹಕ್ಕಿಗಳಿಗೆ ಹಾನಿ' ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸುವುದು ನನಗೆ ಸರಿಕಾಣದು.

ನಮ್ಮ ಕಡೆ ಏನಾದೀತು? 2015ರಲ್ಲಿ ಕೇಂದ್ರ ಸರ್ಕಾರ ಕಡಲ ಗಾಳಿವಿದ್ಯುತ್ ನೀತಿ ತಂದಿತು. ಮುಂಬಯಿಗೆ ಉತ್ತರದ ಖಂಭಾತ್ ಕೊಲ್ಲಿಯೂ ಗುರುತಿಸಿದ ಜಾಗಗಳಲ್ಲೊಂದು. ಮುಂಬಯಿಯ ಗೇಟ್‌ವೇಯಿಂದ ಮಾಂಡ್ವಾಕ್ಕೆ ಹೋಗುವ ಲಾಂಚಿನ ಹಿಂದೆ, ಪ್ರಯಾಣಿಕರು ಎಸೆಯುವ ಗಾಠಿಯಾ ಎಂಬ ಕರಿದ ತಿಂಡಿಗಾಗಿ ಹಾರುವ ಕಡಲಕ್ಕಿಗಳು ಡೈವರ್‌ನಷ್ಟು ಪುಕ್ಕಲಲ್ಲ ಅನ್ನುವುದು ಕಣ್ಣಿಗೇ ಕಾಣುತ್ತದೆ. ಹಾಗಾಗಿ ಅವು ಯಂತ್ರದ ಅಲಗು ತಿರುಗುವಷ್ಟು ಎತ್ತರದಲ್ಲಿ ಹಾರುತ್ತವೆಯೇ ಎಂದು ನೋಡಬೇಕು. ವೆಂಗುರ್ಲೆಯ ಬಂಡೆದ್ವೀಪಗಳಲ್ಲಿ ಗೂಡುಕಟ್ಟುವ ರೀವ (ಟರ್ನ್) ಹಕ್ಕಿಗಳಂಥವು ಮೇಯಲು ಎಲ್ಲಿಗೆ ಹೋಗುತ್ತವೆ ಎಂಬುದೂ ಗೊತ್ತಿರಬೇಕು. ಈ ಎಣಿಕೆ ಯಂತ್ರ ನೆಡುವ ಮೊದಲೇ ಆಗಬೇಕು, ಇಲ್ಲದಿದ್ದರೆ ಆಮೇಲಿನದನ್ನು ಹೋಲಿಸಲು ಏನೂ ಇರುವುದಿಲ್ಲ. ಅದರಲ್ಲೂ ಮಳೆಗಾಲ ಬಿಡುವಂತಿಲ್ಲ: ನಡುಗಡಲಿನ ಬೂಬಿ ಎಂಬ ಹಕ್ಕಿಗಳು ಕೊಂಕಣ ತೀರದತ್ತ ತೂರಿಬರುವುದು ಆಗಲೇ, ಮಾಂಡ್ವಾ ಲಾಂಚುಗಳು ನಿಲ್ಲುವುದೂ ಆಗಲೇ. ಲಾಂಚಿನಿಂದ ನೋಡಲಾಗದ ಆ ದಿನಗಳಲ್ಲಿ, ಉತ್ತರ ಸಮುದ್ರದಲ್ಲಿ ಮಾಡುವಂತೆ ವಿಮಾನಕ್ಕೆ ಕ್ಯಾಮೆರಾ ಕಟ್ಟಿ ಎಣಿಸಬೇಕಾದೀತು.