ಮುಲಾಮು ಹಚ್ಚಿಕೊಂಡು ಬರಬೇಡಿ, ಟ್ಯೂಬ್ ಮಾತ್ರ ತನ್ನಿ

ದಾವಣಗೆರೆ ಕಡೆಯ ಅಡಿಕೆ ತೋಟದವರೊಬ್ಬರು ಈಚೆಗೆ ಬಂದಿದ್ದರು. ಸೊಂಟದ ಸುತ್ತ ಮತ್ತು ತೊಡೆಸಂದಿಯಲ್ಲಿ ಮಚ್ಚೆ. ಕೂತ ಕೂಡಲೇ ಶುರು ಮಾಡಿದರು: “ಡಾಕ್ಟ್ರೇ, ಒಬ್ರು ಸೋರಿಯಾಸಿಸ್ ಅಂತಾರೆ, ಒಬ್ರು ಹುಳುಕಡ್ಡಿ ಅಂತಾರೆ. ನಿಮ್ಮತ್ರ ಮಷಿನ್ ಇದೆಯಂತಲ್ಲ, ಇಟ್ಟು ನೋಡಿ ಹೇಳ್ಬಿಡಿ.”

ಮಷಿನ್ ಅಂದರೆ ಡರ್ಮೋಸ್ಕೋಪ್. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಸುತ್ತ ದೀಪ, ಮಧ್ಯೆ ಲೆನ್ಸ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಸೂಜಿ ಇಲ್ಲ, ನೋವಿಲ್ಲ. ಇಟ್ಟೆ. ಒಳಗೆ ಮಿರಮಿರ ಹೊಳೆಯುವ ಚರ್ಮ ಬಿಟ್ಟು ಏನೂ ಕಾಣಲಿಲ್ಲ. ಲೆನ್ಸ್ ತೆಗೆದಾಗ ಗಾಜಿನ ಮೇಲೆ ಬಿಳಿ ಜಿಡ್ಡಿನ ಉಂಗುರ ಮೂಡಿತ್ತು.

“ಏನಾದ್ರೂ ಹಚ್ಚಿದ್ರಾ?”

“ಇಲ್ಲಿಗೆ ಬರ್ತೀವಲ್ಲ ಅಂತ ಬೆಳಿಗ್ಗೆ ಸ್ವಲ್ಪ ಜಾಸ್ತಿನೇ ಹಚ್ಚಿದೆ.”

ಯುಗಾದಿಯಿಂದ ಹಚ್ಚುತ್ತಿದ್ದರಂತೆ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ಟ್ಯೂಬ್. ಅದರಲ್ಲಿ ಸ್ಟೀರಾಯ್ಡ್, ಫಂಗಸ್ ಔಷಧಿ, ಆ್ಯಂಟಿಬಯೋಟಿಕ್ ಮೂರೂ ಇದ್ದವು.

ಇದನ್ನು ನಾನು ದಿನಾ ನೋಡುತ್ತೇನೆ. ದಿನಾ ಹೇಳುತ್ತೇನೆ. ಆದರೂ ಇಲ್ಲಿ ಬಿಡಿಸಿ ಬರೆಯಬೇಕು ಅನ್ನಿಸಿತು, ಯಾಕೆಂದರೆ ಒಂದು ಮಾತು ಎಷ್ಟು ಹೇಳಿದರೂ ಜನರಿಗೆ ಮುಟ್ಟುತ್ತಿಲ್ಲ. ಲೆನ್ಸ್ ಚರ್ಮದ ಮೇಲೆ ಇರುವುದನ್ನಷ್ಟೇ ತೋರಿಸುತ್ತದೆ. ಗುರುತನ್ನು ನೀವೇ ಅಳಿಸಿಕೊಂಡು ಬಂದರೆ ಅದಕ್ಕೆ ಕಾಣುವುದಿಲ್ಲ. ಎಷ್ಟು ದುಡ್ಡಿನ ಲೆನ್ಸ್ ಆದರೂ ಅಷ್ಟೇ.

ಗುರುತು ಅಂದರೆ ಏನು? ಸೋರಿಯಾಸಿಸ್‌ನಲ್ಲಿ ಬಿಳಿ ಹೊಟ್ಟು, ಅದರ ಕೆಳಗೆ ಕೆಂಪು ಚುಕ್ಕಿಗಳು, ರಂಗೋಲಿಗೆ ಇಟ್ಟ ಹಾಗೆ ಸಮನಾಗಿ ಹರಡಿರುತ್ತವೆ. ಇಸುಬಿನಲ್ಲೂ ಕೆಂಪು ಚುಕ್ಕಿ ಇರುತ್ತದೆ, ಆದರೆ ಅಲ್ಲಲ್ಲಿ ಗುಂಪುಗುಂಪಾಗಿ. ಮೇಲೆ ಒಣಗಿದ ರಸದ ಹಳದಿ ಹಕ್ಕಳೆ. ಹುಳುಕಡ್ಡಿ ಅಂದರೆ ಫಂಗಸ್ ಸೋಂಕು, ಅದರಲ್ಲಿ ಅಂಚೇ ಮುಖ್ಯ. ಹೊಟ್ಟು ಅಂಚಿನಲ್ಲಿರುತ್ತದೆ, ನಡುಭಾಗ ತಿಳಿಯಾಗಿರುತ್ತದೆ. ಫಂಗಸ್ ನವಿರು ಕೂದಲೊಳಗೆ ಇಳಿದಿದ್ದರೆ ಆ ಕೂದಲು ಬಾಗಿ, ತುಂಡಾಗಿ, ಪಾರದರ್ಶಕವಾಗಿ ಕಾಣುತ್ತದೆ. ಅಂಥ ಕೂದಲು ಕಂಡರೆ ಕ್ರೀಮ್ ಸಾಲದು, ಮಾತ್ರೆ ಬೇಕಾಗುತ್ತದೆ ಅಂತ ಸಾಮಾನ್ಯವಾಗಿ ಲೆಕ್ಕ.

ಈಗ ಮುಲಾಮು ಏನು ಮಾಡುತ್ತದೆ ನೋಡಿ. ಹೊಟ್ಟು ಬೆಳ್ಳಗೆ ಕಾಣುವುದು ಪದರಗಳ ಮಧ್ಯೆ ಗಾಳಿ ಇರುವುದರಿಂದ. ಎಣ್ಣೆ, ಮುಲಾಮು ಆ ಸಂದುಗಳನ್ನು ತುಂಬಿಬಿಡುತ್ತದೆ. ಹೊಟ್ಟು ಇದ್ದರೂ ಕಣ್ಣಿಗೆ ಬೀಳುವುದಿಲ್ಲ. ಇದಾದರೂ ಪರವಾಗಿಲ್ಲ, ಒರೆಸಿ ಕಾದು ನೋಡಬಹುದು. ಸ್ಟೀರಾಯ್ಡ್ ಮಾಡುವುದು ಬೇರೆಯೇ. ಅದು ಕೆಂಪು ಇಳಿಸುತ್ತದೆ, ತುರಿಕೆ ನಿಲ್ಲಿಸುತ್ತದೆ, ಅಂಚು ಅಳಿಸುತ್ತದೆ. ಫಂಗಸ್‌ನ ಮೇಲೆ ನಮ್ಮ ಮೈ ಮಾಡುವ ಜಗಳವೇ ಆ ಕೆಂಪು, ಆ ತುರಿಕೆ. ಜಗಳ ನಿಲ್ಲಿಸಿದರೆ ಫಂಗಸ್ ಆರಾಮಾಗಿ ಹಬ್ಬುತ್ತದೆ. ನೋಡುವವರಿಗೆ ಮಾತ್ರ ವಾಸಿಯಾದಂತೆ ಕಾಣುತ್ತದೆ. ಚರ್ಮ ಕೆರೆದು ಮೈಕ್ರೋಸ್ಕೋಪ್‌ನಲ್ಲಿ ನೋಡೋಣ ಅಂದರೆ, ಟ್ಯೂಬ್‌ನಲ್ಲಿ ಅರೆಬರೆ ಫಂಗಸ್ ಔಷಧಿಯೂ ಇರುವುದರಿಂದ ಅದೂ ಕೆಲವು ಸಲ ಏನೂ ಇಲ್ಲ ಅನ್ನುತ್ತದೆ. ಜೊತೆಗೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಸಣ್ಣ ರಕ್ತನಾಳಗಳು ಎದ್ದು ಕಾಣುತ್ತವೆ. ಆಗ ಲೆನ್ಸ್‌ನಲ್ಲಿ ಕಾಣುವುದು ರೋಗವೋ ಮುಲಾಮಿನ ಕೆಲಸವೋ ಹೇಳುವುದು ಕಷ್ಟ.

ಸುಮ್ನೆ ಹೆದರಿಸುತ್ತಿಲ್ಲ. ನಮ್ಮ ದೇಶದಲ್ಲಿ ಹುಳುಕಡ್ಡಿ ಈಗ ಮೊದಲಿನ ಹಾಗಿಲ್ಲ. ಟರ್ಬಿನಾಫಿನ್ ಅನ್ನುವ ಫಂಗಸ್ ಔಷಧಿಗೆ ಎಷ್ಟೋ ಸಲ ಬಗ್ಗದ ಒಂದು ಫಂಗಸ್‌ಗೆ 2020ರಲ್ಲಿ ಟ್ರೈಕೋಫೈಟಾನ್ ಇಂಡೊಟಿನಿಯೇ ಅಂತ ಹೆಸರಿಟ್ಟರು. ಹೆಸರಲ್ಲೇ ಇಂಡಿಯಾ ಇದೆ.

ಇನ್ನೊಂದು ಸಂಗತಿ. ಒಬ್ಬ ಅಜ್ಜಿ ಏಳು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. ಮಗುವಿನ ಕೆನ್ನೆ ಮೇಲೆ ಮಾಸಲು ಬಿಳಿ ಮಚ್ಚೆ. ಬಸ್ಸಿನಲ್ಲಿ ಯಾರೂ ನೋಡಬಾರದು ಅಂತ ದಪ್ಪಗೆ ಪೌಡರ್ ಹಾಕಿದ್ದರು. ಬಾಗಿಲು ಮುಚ್ಚಿ, ದೀಪ ಆರಿಸಿ, ನೇರಳಾತೀತ ಬೆಳಕು ಬೀರುವ ವುಡ್ಸ್ ಲ್ಯಾಂಪ್ ಹಿಡಿದೆ. 1903ರಲ್ಲಿ ಅಮೆರಿಕದ ರಾಬರ್ಟ್ ವುಡ್ ಮಾಡಿದ ಫಿಲ್ಟರ್‌ನಿಂದ ಬಂದ ಹಳೇ ಉಪಕರಣ, ಇವತ್ತಿಗೂ ಒಳ್ಳೇ ಕೆಲಸ ಮಾಡುತ್ತದೆ. ಆವತ್ತು ಕತ್ತಲಲ್ಲಿ ಮಗುವಿನ ಮುಖದ ತುಂಬ ಹೊಳಪೋ ಹೊಳಪು. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡರು.

“ತೊನ್ನೇನಪ್ಪಾ?”

“ಅಲ್ಲಜ್ಜಿ, ಇದು ಪೌಡರ್ ಹೊಳೀತಿರೋದು. ಮುಖ ತೊಳ್ಸಿ ಬನ್ನಿ.”

ತೊಳೆಸಿ, ಒಣಗಿಸಿ, ಮತ್ತೆ ನೋಡಿದೆವು. ತೊನ್ನು ಆಗಿದ್ದರೆ ಆ ಬೆಳಕಲ್ಲಿ ಸುಣ್ಣ ಬಳಿದಂತೆ ನೀಲಿ ಬಿಳುಪು ಹೊಳೆಯುತ್ತದೆ, ಅಂಚು ಗೀಟು ಎಳೆದ ಹಾಗಿರುತ್ತದೆ. ಚಿಬ್ಬು ಆಗಿದ್ದರೆ ಸಾಮಾನ್ಯವಾಗಿ ಹಳದಿ ಛಾಯೆ. ಇಲ್ಲಿ ಎರಡೂ ಇರಲಿಲ್ಲ. ಲೆನ್ಸ್ ಇಟ್ಟರೆ ನವಿರಾದ ಹೊಟ್ಟು, ಮಸುಕಾದ ಅಂಚು, ಮಚ್ಚೆಯೊಳಗಿನ ಕೂದಲೂ ಕಪ್ಪಗೇ ಇತ್ತು. ಮಕ್ಕಳಲ್ಲಿ ಬಹಳ ಕಾಣುವ, ತಾನಾಗಿ ಹೋಗುವ ಮಚ್ಚೆ ಅದು. ಜಂತುಹುಳ, ಕ್ಯಾಲ್ಸಿಯಂ ಕಮ್ಮಿ ಅಂತೆಲ್ಲ ಹೇಳುತ್ತಾರಲ್ಲ, ಅದೇ. ಹುಳಕ್ಕೂ ಅದಕ್ಕೂ ಸಂಬಂಧ ಇಲ್ಲ. ಒಣ ಚರ್ಮಕ್ಕೆ ಒಂದು ಕ್ರೀಮ್ ಬರೆದುಕೊಟ್ಟೆ. ಅಜ್ಜಿ ಎದ್ದು ಹೋಗುವ ಮುಂಚೆ ಮಗುವಿನ ಕೆನ್ನೆಯನ್ನು ಬೆರಳಲ್ಲಿ ಎರಡು ಸಲ ಸವರಿದರು. ಆ ಮಗುವಿನ ಮದುವೆವರೆಗೂ ಯೋಚನೆ ಮಾಡಿಕೊಂಡು ಬಂದಿದ್ದರು ಪಾಪ.

ಲೆನ್ಸ್ ಎಲ್ಲವನ್ನೂ ಹೇಳಿಬಿಡುತ್ತದೆ ಅಂತಲೂ ತಿಳಿಯಬೇಡಿ. ಪುಸ್ತಕಗಳಲ್ಲಿನ ಚಿತ್ರಗಳು ಹೆಚ್ಚಾಗಿ ಬಿಳಿ ಚರ್ಮದವು. ನಮ್ಮ ಕಂದು ಚರ್ಮದಲ್ಲಿ ಕೆಂಪು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಲೆನ್ಸ್ ಒತ್ತಿ ಹಿಡಿದರೆ ರಕ್ತನಾಳ ಅಮುಕಿ ಇರುವ ಚುಕ್ಕಿಯೂ ಮಾಯವಾಗುತ್ತದೆ. ಬಿಳಿ ಮಚ್ಚೆಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ ಕುಷ್ಠವೇ ಅಂತ ನೋಡಬೇಕು. ಅದಕ್ಕೆ ಹತ್ತಿ ಮುಟ್ಟಿಸಿ ಕೇಳಬೇಕು, ನರ ಮುಟ್ಟಿ ನೋಡಬೇಕು. ಅನುಮಾನ ಉಳಿದರೆ ಸಣ್ಣ ತುಂಡು ತೆಗೆದು ಬಯಾಪ್ಸಿಗೆ ಕಳಿಸುತ್ತೇವೆ. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ ಯಾವ ರೋಗ ಅಂತ ಕೇಳುವವರಿಗೂ ಇದೇ ಉತ್ತರ.

ಹಾಗಾಗಿ ಬರುವ ದಿನ ಮಚ್ಚೆಯ ಮೇಲೆ ಎಣ್ಣೆ, ಅರಿಶಿನ, ಪೌಡರ್, ಮುಲಾಮು ಏನೂ ಬೇಡ. ಹಿಂದೆ ಹಚ್ಚಿದ ಟ್ಯೂಬ್‌ಗಳನ್ನು, ಖಾಲಿಯಾಗಿದ್ದರೂ, ತನ್ನಿ. ಬೈಯಲು ಕೇಳುತ್ತಿಲ್ಲ, ಒಳಗೆ ಏನಿತ್ತು ಅಂತ ನನಗೆ ಗೊತ್ತಾಗಬೇಕು. ಬಹಳ ದಿನದಿಂದ ಹಚ್ಚುತ್ತಿದ್ದರೆ, ಅದರಲ್ಲೂ ಮುಖಕ್ಕೆ, ಒಮ್ಮೆಲೇ ಬಿಡುವ ಮುಂಚೆ ಫೋನ್ ಮಾಡಿ ಕೇಳಿ. ಸ್ಟೀರಾಯ್ಡ್ ಮಾತ್ರೆಯನ್ನಂತೂ ನೀವಾಗಿ ನಿಲ್ಲಿಸಲೇಬೇಡಿ.

ತೋಟದವರಿಗೆ ಟ್ಯೂಬ್ ನಿಲ್ಲಿಸಿ ಮೂರು ವಾರ ಬಿಟ್ಟು ಬನ್ನಿ ಅಂದಿದ್ದೆ. ಕೆಂಪಾಗುತ್ತದೆ, ತುರಿಕೆ ಜಾಸ್ತಿಯಾಗುತ್ತದೆ, ಗಾಬರಿ ಬೇಡ ಅಂತಲೂ ಹೇಳಿದ್ದೆ. ತುರಿಕೆಗೆ ಮಾತ್ರೆ ಕೊಟ್ಟಿದ್ದೆ. ಆದರೂ ಸಿಟ್ಟಿನಲ್ಲೇ ಬಂದರು: “ಏನ್ರೀ ಡಾಕ್ಟ್ರೇ, ಮೊದ್ಲೇ ಚೆನ್ನಾಗಿತ್ತು!” ಲೆನ್ಸ್ ಇಟ್ಟೆ. ಈ ಸಲ ಗಾಜಿಗೆ ಜಿಡ್ಡು ಅಂಟಲಿಲ್ಲ. ಅಂಚಿನುದ್ದಕ್ಕೂ ಬಿಳಿ ಹೊಟ್ಟು, ಮಧ್ಯೆ ಬಾಗಿ ಮುರಿದ ಮೂರು ನಾಲ್ಕು ನವಿರು ಕೂದಲು. ಪರದೆಯ ಮೇಲೆ ಅವರಿಗೇ ತೋರಿಸಿದೆ. ಕೆರೆದು ನೋಡಿದಾಗಲೂ ಫಂಗಸ್ ಸಿಕ್ಕಿತು.

“ಮನೇಲಿ ಬೇರೆ ಯಾರಿಗಾದ್ರೂ ಇದೆಯಾ?”

ಸ್ವಲ್ಪ ಹೊತ್ತು ಸುಮ್ಮನಿದ್ದರು. “ಮನೆಯವಳಿಗಿದೆ. ಮಗನಿಗೂ ಇದೆ. ಅವ್ರೂ ಇದೇ ಟ್ಯೂಬ್ ಹಚ್ತಾರೆ.”

ಇಬ್ಬರನ್ನೂ ಗುರುವಾರ ಕರೆತರಲು ಹೇಳಿದ್ದೇನೆ. ಏನೂ ಹಚ್ಚದೆ.